ಧಾತು ಈಶ್ವರ: ನನ್ನದೊಂದು ತಪ್ಪು ಕ್ಯಾಪ್ಶನ್

ಭಾಗ 1

ಮೊದಲನೇ ಸ್ಲೈಡ್‌ನ ಫೋಟೊ ನೀವು ಈಗಾಗಲೇ ಎಲ್ಲೋ ನೋಡಿರ್ತೀರಿ. ಎಲುಬಿನ ಗೂಡಿನಂತಾದ ಗಂಡಸರು, ಹೆಂಗಸರು, ಮಕ್ಕಳು. ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ. ವಾಟ್ಸಾಪ್‌ನಲ್ಲಿ ಇದು '1943ರ ಬಂಗಾಳದ ಬರ' ಅಂತ ಓಡಾಡುತ್ತೆ. ಅದು ಸುಳ್ಳು. ಬಂಗಾಳದ ಬರಕ್ಕಿಂತ ಅರವತ್ತೈದು ವರ್ಷ ಹಿಂದಿನ ಚಿತ್ರ ಇದು.

ಬೇರೆಯವರ ತಪ್ಪು ಹೇಳೋ ಮೊದಲು ನನ್ನದು ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಇದೇ ಪೇಜಿನಲ್ಲಿ ಇದೇ ಫೋಟೊ ಹಾಕಿ, 'ಮೈಸೂರು ಸಂಸ್ಥಾನದ ಮಹಾಬರ, 1877' ಅಂತ ಬರೆದಿದ್ದೆ. ತುಂಬಾ ಜನ ಶೇರ್ ಮಾಡಿದ್ರು. ಒಬ್ಬ ಓದುಗರು ಮಾತ್ರ ಮೆಸೇಜ್ ಹಾಕಿ, 'ಸಾರ್, ಇದು ಮದ್ರಾಸ್ ಕಡೇದಲ್ವಾ?' ಅಂತ ಕೇಳಿದ್ರು. ಹುಡುಕಿ ನೋಡಿದೆ. ಅವರ ಮಾತೇ ಸರಿ. ಸದ್ದಿಲ್ಲದೆ ಪೋಸ್ಟ್ ಡಿಲೀಟ್ ಮಾಡಿದೆ. ತಿದ್ದುಪಡಿ ಹಾಕಲಿಲ್ಲ, ಅವರಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅದು ಎರಡನೇ ತಪ್ಪು. ಈ ಸರಣಿ ಆ ಎರಡೂ ತಪ್ಪಿನ ಬಾಕಿ ತೀರಿಸೋದಕ್ಕೆ.

ಮೈಸೂರು ಸೀಮೆಯಲ್ಲಿ ಆ ಬರಕ್ಕೆ ಇಸವಿಯ ಹೆಸರಿಲ್ಲ, ಸಂವತ್ಸರದ ಹೆಸರಿದೆ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರದಲ್ಲಿ ಮುಗಿದದ್ದು, ಅಂದರೆ 1876ರಿಂದ 78. ಹಾಗಾಗಿ 'ಧಾತು ಈಶ್ವರದ ಬರ'. ನಮ್ಮಜ್ಜಿ ಮಧುಗಿರಿ ಕಡೆಯವರು. ಚಿಕ್ಕವನಿದ್ದಾಗ ನಾನು ಗಬಗಬ ಅಂತ ಉಂಡರೆ, 'ಧಾತು ಈಶ್ವರ್ದಾಗೆ ಹುಟ್ಟಿದೋನಂಗೆ ಬಾಚ್ಕಂತೀಯಲ್ಲೋ, ನಿಧಾನಕ್ಕೆ ತಿನ್ನು' ಅಂತ ಬೈಯೋರು. ಧಾತು ಈಶ್ವರ ಅಂದರೆ ಯಾವುದೋ ಗುಡಿಯ ದೇವರು, ಹೊಟ್ಟೆಬಾಕ ದೇವರು ಅಂತಲೇ ನಾನು ಬಹಳ ದಿನ ತಿಳಿದಿದ್ದೆ.

ಭಾಗ 2

ಫೋಟೊ ತೆಗೆದವನ ಹೆಸರು ವಿಲೋಬಿ ವ್ಯಾಲೆಸ್ ಹೂಪರ್. ಮದ್ರಾಸ್ ಅಶ್ವದಳದ ಅಧಿಕಾರಿ, ಹವ್ಯಾಸಕ್ಕೆ ಛಾಯಾಗ್ರಾಹಕ. 'ದಿ ಪೀಪಲ್ ಆಫ್ ಇಂಡಿಯಾ' ಅಂತ ಸರ್ಕಾರ ಹೊರತಂದ ಜನಾಂಗಗಳ ಚಿತ್ರಸಂಪುಟಗಳಿಗೆ ಫೋಟೊ ಕೊಟ್ಟವನು. ಹುಲಿ ಬೇಟೆಯ ಹಂತಗಳನ್ನು ನಾಟಕದ ದೃಶ್ಯಗಳ ಹಾಗೆ ಜೋಡಿಸಿ ಒಂದು ಸರಣಿ ಮಾಡಿದ್ದ. ಬರ ಬಂದಾಗ ಅದೇ ಕ್ಯಾಮೆರಾ, ಅದೇ ಜೋಡಣೆ.

ಆ ಕಾಲದ ಕ್ಯಾಮೆರಾ ಅಂದರೆ ಸ್ಟ್ಯಾಂಡು, ಗಾಜಿನ ಪ್ಲೇಟು, ರಾಸಾಯನಿಕ, ಕತ್ತಲೆ ಡೇರೆ. ನಮ್ಮ ಹಾಗೆ ನಡೆಯುತ್ತಾ ಟಕ್ ಅಂತ ತೆಗೆಯೋಕೆ ಆಗ್ತಿರಲಿಲ್ಲ. ನಿಲ್ಲೋಕೆ ತ್ರಾಣ ಇಲ್ಲದವರನ್ನು ಕರೆಸಿ, ಕೂರಿಸಿ, ಅಲುಗಾಡಬೇಡಿ ಅಂತ ಹೇಳಿ ತೆಗೆಯಬೇಕಿತ್ತು. ಫೋಟೊವನ್ನು ಮತ್ತೊಮ್ಮೆ ನೋಡಿ. ಆ ಸಾಲು ತಾನಾಗಿ ಆದದ್ದಲ್ಲ.

ಹತ್ತು ವರ್ಷದ ನಂತರ ಇದೇ ಹೂಪರ್ ಬರ್ಮಾದ ಮಂಡಾಲೆಯಲ್ಲಿದ್ದ. ಅಲ್ಲಿ ಬರ್ಮೀ ಕೈದಿಗಳನ್ನು ಗುಂಡಿಟ್ಟು ಕೊಲ್ಲುವಾಗ, ಗುಂಡು ತಾಕುವ ಕ್ಷಣಕ್ಕೇ ಕ್ಯಾಮೆರಾ ಹಿಡಿದ ಅನ್ನೋ ಆರೋಪ ಬಂತು. ಲಂಡನ್ನಿನ ಸಂಸತ್ತಿನಲ್ಲಿ ಪ್ರಶ್ನೆ ಎದ್ದು ವಿಚಾರಣೆ ನಡೆಯಿತು. ಅದು ಬೇರೆಯೇ ಕಥೆ, ಇನ್ನೊಂದು ದಿನ ಬರೀತೀನಿ.

ನನ್ನ ತಲೆಯಲ್ಲಿ ಉಳಿದದ್ದು ಫೋಟೊಗಿಂತ ಹೆಚ್ಚಾಗಿ ಅದರ ಕೆಳಗಿನ ಬರಹ. ಹೂಪರನ ಬರದ ಚಿತ್ರಗಳಲ್ಲೊಂದರ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ, 'ಪುಕ್ಕಟೆ ನೆರವಿಗೆ ಅರ್ಹರಾದವರು'.

ಅರ್ಹರು. ಆ ಪದದ ಹಿಂದೆ ಒಂದು ಇಡೀ ಸರ್ಕಾರ ಇದೆ.

ಭಾಗ 3

ಅದಕ್ಕೂ ಮುಂಚೆ, ಬರ ಹೇಗೆ ಬಂತು ಅಂತ ನೋಡೋಣ. ಮಳೆ ಬರಲಿಲ್ಲ, ಬರ ಬಂತು ಅಂತ ಒಂದೇ ಮಾತಲ್ಲಿ ಮುಗಿಸೋ ಹಾಗಿಲ್ಲ.

ನಮ್ಮ ಬಯಲುಸೀಮೆಯ ರೈತರು ಮಳೆ ನಂಬಿ ಬದುಕಿದವರಲ್ಲ, ರಾಗಿ ನಂಬಿ ಬದುಕಿದವರು. ರಾಗಿಗೆ ಹುಳ ಹಿಡಿಯೋದು ಕಷ್ಟ, ವರ್ಷಗಟ್ಟಲೆ ಕೆಡಲ್ಲ. ಅದಕ್ಕೇ ಹಗೇವು. ಹಗೇವು ಗೊತ್ತಿಲ್ಲದವರಿಗೆ ಹೇಳ್ತೀನಿ: ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೀತಿದ್ರು. ತೆಗೆದ ಕೂಡಲೇ ಇಳಿಯೋ ಹಾಗಿಲ್ಲ, ಒಳಗಿನ ಗಾಳಿಗೆ ಉಸಿರುಗಟ್ಟುತ್ತೆ. ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟು ಆಮೇಲೆ ಇಳೀಬೇಕು. ಬ್ಯಾಂಕು, ಇನ್ಶೂರೆನ್ಸು ಎರಡೂ ಅದೇ.

1875ರಲ್ಲಿ ಮಳೆ ಕೈಕೊಟ್ಟಿತು. ಹಗೇವು ತೆಗೆದರು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಹೋದವು. ಹಗೇವಿನ ತಳ ಕಂಡಿತು. 1877ರ ಮುಂಗಾರು ಕೂಡ ಹೊತ್ತಿಗೆ ಬರಲಿಲ್ಲ. ಒಂದು ವರ್ಷದ ಬರವನ್ನು ತಡೆಯೋ ವ್ಯವಸ್ಥೆ ನಮ್ಮಲ್ಲಿತ್ತು. ಮೂರನೇ ವರ್ಷಕ್ಕೆ ಯಾವ ಹಗೇವೂ ಸಾಲದು.

ದುಡ್ಡಿದ್ದವರಿಗೆ ಧಾನ್ಯ ಸಿಗ್ತಿತ್ತು ಅನ್ನೋದು ನೆನಪಿರಲಿ. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲೇ ರೈಲು ಬಂದಿತ್ತು. ಮದ್ರಾಸ್ ಬಂದರಿಗೆ ಇಳಿದ ಅಕ್ಕಿ ರೈಲಲ್ಲಿ ಬೆಂಗಳೂರಿನ ತನಕ ಬರುತ್ತಿತ್ತು. ಅಲ್ಲಿಂದಾಚೆ? ತುಮಕೂರಿಗೆ, ಚಿತ್ರದುರ್ಗಕ್ಕೆ, ಮೈಸೂರಿಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ, ನೀರಿಲ್ಲದೆ ಎತ್ತುಗಳೇ ಸಾಯ್ತಿದ್ದಾಗ ಗಾಡಿ ಎಳೆಯೋರು ಯಾರು? ಇನ್ನೊಂದು ಕಡೆ, ಇದೇ ಬರದ ಅವಧಿಯಲ್ಲಿ ಭಾರತದಿಂದ ಇಂಗ್ಲೆಂಡಿಗೆ ದಾಖಲೆ ಪ್ರಮಾಣದ ಗೋಧಿ ಹೋಯಿತು, ಸುಮಾರು 3,20,000 ಟನ್. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈ ಹಾಕಬಾರದು, ಬೆಲೆ ತಾನಾಗಿಯೇ ಸರಿಹೋಗುತ್ತೆ ಅನ್ನೋದು ವೈಸ್‌ರಾಯ್ ಲಿಟ್ಟನ್‌ನ ನಿಲುವು. ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ 1876ರ ಕೊನೆಗೆ ಗುಟ್ಟಾಗಿ 30,000 ಟನ್ ಧಾನ್ಯ ಕೊಳ್ಳೋಕೆ ಹೋದಾಗ ಕಲ್ಕತ್ತಾದಿಂದ ಅದಕ್ಕೆ ಆಕ್ಷೇಪ ಬಂತು.

1877ರ ಜನವರಿ 1ಕ್ಕೆ ದೆಹಲಿಯಲ್ಲಿ ದರ್ಬಾರ್. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಆದಳು ಅಂತ ಸಾರಿದ ದಿನ. ತನ್ನ ಪ್ರಾಂತ್ಯ ಸುಡುತ್ತಿದ್ದರೂ ಡ್ಯೂಕ್ ಹೋಗಲೇಬೇಕಾಯಿತು. ಮೈಸೂರಿನ ಬಾಲಕ ಮಹಾರಾಜ ಚಾಮರಾಜೇಂದ್ರ ಒಡೆಯರೂ ಅಲ್ಲಿದ್ದರು. ಹದಿಮೂರು ವರ್ಷದ ಹುಡುಗ. ರಾಜ್ಯ ಅವರ ಹೆಸರಲ್ಲಿತ್ತು ಅಷ್ಟೇ, ಆಳುತ್ತಿದ್ದದ್ದು ಬ್ರಿಟಿಷ್ ಚೀಫ್ ಕಮಿಷನರ್.

ಭಾಗ 4

ಈಗ ಆ ಪದಕ್ಕೆ ಬರ್ತೀನಿ.

ಸರ್ ರಿಚರ್ಡ್ ಟೆಂಪಲ್. ಈ ಮನುಷ್ಯನ ಕಥೆ ಕೇಳಿದರೆ ನಿಮಗೆ ಸಿಟ್ಟಿಗಿಂತ ಹೆಚ್ಚಾಗಿ ಏನೋ ಒಂದು ಥರ ಆಗುತ್ತೆ, ನನಗಂತೂ ಆಯಿತು. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಪರಿಹಾರದ ಹೊಣೆ ಹೊತ್ತಿದ್ದದ್ದು ಇವನೇ. ಬರ್ಮಾದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ ಅಕ್ಕಿ ತರಿಸಿದರು. ಕೆಲಸಕ್ಕೆ ಬಂದವರಿಗೂ ಕೊಟ್ಟರು, ಕೆಲಸ ಮಾಡಲಾಗದವರಿಗೂ ಕೊಟ್ಟರು. ಹಸಿವಿನಿಂದ ಸತ್ತವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಭಾರತದ ಬರ ಪರಿಹಾರದಲ್ಲೇ ಅಪರೂಪದ ಗೆಲುವು.

ಅದಕ್ಕೆ ಸಿಕ್ಕಿದ್ದೇನು? ಬೈಗುಳ. ಹಣ ಪೋಲು ಮಾಡಿದ, ಜನರನ್ನು ಸೋಮಾರಿ ಮಾಡಿದ ಅಂತ ಲಂಡನ್ನಿನಲ್ಲೂ ಕಲ್ಕತ್ತಾದಲ್ಲೂ ಛೀಮಾರಿ.

ಮೂರು ವರ್ಷದ ನಂತರ ದಕ್ಷಿಣದ ಬರಕ್ಕೆ ಲಿಟ್ಟನ್ ಕಳಿಸಿದ್ದು ಇದೇ ಟೆಂಪಲ್‌ನನ್ನು. ಈ ಸಲ ಅವನು ಪಾಠ ಕಲಿತು ಬಂದಿದ್ದ. ತಪ್ಪು ಪಾಠ. ಹೇಗಾದರೂ ಖರ್ಚು ಇಳಿಸಬೇಕು. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಚರಿತ್ರೆಯಲ್ಲಿ ಇದಕ್ಕೆ 'ಟೆಂಪಲ್ ಕೂಲಿ' ಅಂತಲೇ ಹೆಸರು.

ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ನಿಮ್ಮ ಅಡುಗೆಮನೆಯಲ್ಲಿ ತೂಕದ ಯಂತ್ರ ಇದ್ದರೆ ಅಷ್ಟು ಅಕ್ಕಿ ಅಳೆದು ನೋಡಿ. ಒಂದು ದಿನಕ್ಕೆ ಸಾಕಲ್ವಾ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಅದರ ಜೊತೆ ಬೇಳೆ ಇಲ್ಲ, ಎಣ್ಣೆ ಇಲ್ಲ, ಸೊಪ್ಪಿಲ್ಲ, ಮಜ್ಜಿಗೆ ಇಲ್ಲ. ಎಲ್ಲ ಸೇರಿ ಸುಮಾರು 1,600 ಕ್ಯಾಲೊರಿ. ಅಷ್ಟರಲ್ಲಿ ಬಿಸಿಲಲ್ಲಿ ಬೆಳಗಿಂದ ಸಂಜೆ ತನಕ ಮಣ್ಣು ಅಗೆದು, ಬುಟ್ಟಿ ಹೊತ್ತು ಏರಿಗೆ ಹಾಕಬೇಕು. ಉಳಿದದ್ದಕ್ಕೆಲ್ಲ ಆ ಒಂದು ಆಣೆ, ಅದೂ ಬರದ ಬೆಲೆಯಲ್ಲಿ.

ಇದರ ಜೊತೆಗೆ ಪರೀಕ್ಷೆಗಳು. ನಿಜವಾಗಿ ಹಸಿದವನು ಎಷ್ಟು ದೂರವಾದರೂ ನಡೆದು ಬರ್ತಾನೆ, ಬರದಿದ್ದರೆ ಹಸಿವಿಲ್ಲ ಅಂತ ಲೆಕ್ಕ. ಹಾಗಾಗಿ ಕಾಮಗಾರಿ ಮನೆಯಿಂದ ದೂರ ಇರಬೇಕು, ಹತ್ತು ಮೈಲಿ ಆಚೆ ಇದ್ದರೆ ಒಳ್ಳೆಯದು. ಸಂಜೆ ಮನೆಗೆ ಹೋಗೋ ಹಾಗಿಲ್ಲ. ಪುಕ್ಕಟೆ ಗಂಜಿ ಮುದುಕರಿಗೆ, ರೋಗಿಗಳಿಗೆ, ಕೈಲಾಗದವರಿಗೆ ಮಾತ್ರ. ಕೈಲಾಗಲ್ಲ ಅಂತ ತೀರ್ಮಾನ ಮಾಡೋರು ಯಾರು? ನೋಡೋ ಅಧಿಕಾರಿ. ಅವನ ಕಣ್ಣಿಗೆ ನೀವು ಇನ್ನೂ ಗಟ್ಟಿಯಾಗಿದ್ದರೆ ಕೆಲಸಕ್ಕೆ, ಸಾಕಷ್ಟು ಬತ್ತಿದ್ದರೆ ಗಂಜಿಗೆ. ಅಂದರೆ ಊಟಕ್ಕೆ ಅರ್ಹತೆ ಬರೋ ಹೊತ್ತಿಗೆ ಊಟ ದಕ್ಕಿಸಿಕೊಳ್ಳೋ ಶಕ್ತಿ ಹೋಗಿರುತ್ತಿತ್ತು. ಹೂಪರನ ಫೋಟೊದಲ್ಲಿ ಇರೋರು ಆ ಪರೀಕ್ಷೆಯಲ್ಲಿ ಪಾಸಾದವರು.

ಜನ ಸುಮ್ಮನೆ ತಲೆಬಾಗಿದರು ಅಂದುಕೊಳ್ಳಬೇಡಿ. ಆಗ ಕನ್ನಡಿಗರು ಬೇರೆ ಬೇರೆ ಆಡಳಿತದಲ್ಲಿ ಹಂಚಿಹೋಗಿದ್ದರು: ಬಳ್ಳಾರಿ ಮದ್ರಾಸಿಗೆ, ಧಾರವಾಡ, ಬೆಳಗಾವಿ, ಕಲಾದಗಿ ಬೊಂಬಾಯಿಗೆ, ರಾಯಚೂರು, ಕಲಬುರಗಿ ನಿಜಾಮರಿಗೆ. ಬೊಂಬಾಯಿ ಪ್ರಾಂತ್ಯದ ಬರಪೀಡಿತ ಜಿಲ್ಲೆಗಳಲ್ಲಿ ಕೂಲಿ ಇಳಿಸಿ, ದೂರದ ಕ್ಯಾಂಪಿಗೆ ಹೋಗಿ ಅಂದಾಗ ಸಾವಿರಾರು ಜನ ಬುಟ್ಟಿ ಸನಿಕೆ ಬಿಟ್ಟು ಹೊರನಡೆದರು. ಬರದಲ್ಲಿ ಮುಷ್ಕರ! ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಅರ್ಜಿ ಮೇಲೆ ಅರ್ಜಿ ಬರೆಯಿತು. ನಮ್ಮ ಪಠ್ಯಪುಸ್ತಕದಲ್ಲಿ 1857 ಇದೆ, 1885 ಇದೆ, ನಡುವಿನ ಈ ಮುಷ್ಕರ ನಾನು ಓದಿದ ಪುಸ್ತಕದಲ್ಲಂತೂ ಇರಲಿಲ್ಲ.

ಒಳಗಿನಿಂದಲೂ ಒಬ್ಬ ತಿರುಗಿಬಿದ್ದ. ಮದ್ರಾಸಿನ ಸ್ಯಾನಿಟರಿ ಕಮಿಷನರ್, ಡಾಕ್ಟರ್ ವಿಲಿಯಂ ಕಾರ್ನಿಷ್. ಇವನು ಭಾವನೆಯ ಮಾತಾಡಲಿಲ್ಲ, ತೂಕದ ಮಾತಾಡಿದ. ಜೈಲಿನ ಕೈದಿಗಳ ಆಹಾರದ ಲೆಕ್ಕ ಮುಂದಿಟ್ಟ. ದುಡಿಯೋ ಮನುಷ್ಯನಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಜೊತೆಗೆ ಬೇಳೆ, ತರಕಾರಿ ಬೇಕು ಅಂತ ಪಟ್ಟು ಹಿಡಿದ. ಕಾಗದದ ಮೇಲೆ ಕಾಗದ, ಟೆಂಪಲ್‌ನ ಉತ್ತರ, ಮತ್ತೆ ಇವನ ಪ್ರತ್ಯುತ್ತರ. ಕಡೆಗೆ 1877ರ ಬೇಸಿಗೆ ಹೊತ್ತಿಗೆ ಮದ್ರಾಸ್ ಸರ್ಕಾರ ಕೂಲಿಯನ್ನು ಸ್ವಲ್ಪ ಏರಿಸಿ ಬೇಳೆಯನ್ನೂ ಸೇರಿಸಿತು. ಕಾರ್ನಿಷ್ ಕೇಳಿದಷ್ಟಲ್ಲ, ಅರ್ಧ ದಾರಿ. ಸರ್ಕಾರಿ ಕಡತದ ಭಾಷೆಯಲ್ಲಿ ಬರೆದೂ ಮನುಷ್ಯನಾಗಿ ಉಳಿಯಬಹುದು ಅನ್ನೋದಕ್ಕೆ ಇವನಿದ್ದಾನೆ.

ಭಾಗ 5

ಎರಡನೇ ಸ್ಲೈಡ್‌ಗೆ ಹೋಗಿ. ಇದು ಫೋಟೊ ಅಲ್ಲ, ಕೆತ್ತನೆ. 1877ರ ಅಕ್ಟೋಬರ್ 20ರ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಬಂದದ್ದು. ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾಯುತ್ತಿರುವ ಜನ. ಎರಡು ವರ್ಷದ ಹಿಂದೆ ನಾನು ಹಾಕಬೇಕಾಗಿದ್ದದ್ದು ಇದು. ಹಾಕಲಿಲ್ಲ ಯಾಕಂದರೆ, ನಿಜ ಹೇಳ್ತೀನಿ, ಹೂಪರನ ಫೋಟೊಗೆ ಹೆಚ್ಚು ಲೈಕ್ ಬರುತ್ತೆ ಅಂತ ಗೊತ್ತಿತ್ತು.

ಇಲ್ಲಿನ ಶೀರ್ಷಿಕೆಯಲ್ಲಿ 'ಅರ್ಹರು' ಇಲ್ಲ. 'ಕಾಯುತ್ತಿದ್ದಾರೆ' ಅಂತ ಇದೆ.

1877ರ ಬೇಸಿಗೆ, ಮಳೆಗಾಲದಲ್ಲಿ ಮೈಸೂರು ಸೀಮೆಯ ಹಳ್ಳಿಗಳಿಂದ ಜನ ಬೆಂಗಳೂರಿನ ದಾರಿ ಹಿಡಿದರು. ರೈಲು ಇದ್ದ ಊರು, ಧಾನ್ಯ ಇದ್ದ ಊರು. ಗಂಜಿ ಮನೆಗಳ ಮುಂದೆ ಸಾಲು. ಇವತ್ತಿಗೂ ನೆರೆ ಬಂದಾಗ ನಮ್ಮ ಪೇಪರಲ್ಲಿ 'ಗಂಜಿ ಕೇಂದ್ರ ತೆರೆಯಲಾಗಿದೆ' ಅಂತ ಬರುತ್ತಲ್ಲ, ಅಲ್ಲಿ ಬಡಿಸೋದು ಅನ್ನ ಸಾರು, ಉಪ್ಪಿಟ್ಟು. ಗಂಜಿ ಮಾತ್ರ ಹೆಸರಲ್ಲಿ ಉಳಿದಿದೆ. ಆ ಪದ ಓದಿದಾಗಲೆಲ್ಲ ನನಗೆ ಈ ಕೆತ್ತನೆ ನೆನಪಾಗುತ್ತೆ.

ಆ ಸೆಪ್ಟೆಂಬರ್ ಹೊತ್ತಿಗೆ ಲಿಟ್ಟನ್ ತಾನೇ ದಕ್ಷಿಣಕ್ಕೆ ಬಂದು ನೋಡಿದ. ಮೈಸೂರಿನ ಪರಿಹಾರದ ಹೊಣೆಯನ್ನು ಚಾರ್ಲ್ಸ್ ಎಲಿಯಟ್ ಅನ್ನೋ ಅಧಿಕಾರಿಗೆ ಕೊಟ್ಟ. ಚದುರಿದ ಗಂಜಿ ಮನೆಗಳಿಂದ ದುಡಿಯಬಲ್ಲವರನ್ನು ದೊಡ್ಡ ಕಾಮಗಾರಿಗಳಿಗೆ ಸಾಗಿಸೋದು ಹೊಸ ಕ್ರಮ. ಅಷ್ಟರಲ್ಲಿ ಮಳೆಯೂ ಬಂತು. ಮಳೆ ಬಂದರೆ ಬರ ಮುಗೀತು ಅಂತ ನಾವಂದುಕೊಳ್ತೀವಿ. ಬಿತ್ತನೆಗೆ ಬೀಜ ಇಲ್ಲ, ಉಳೋಕೆ ಎತ್ತಿಲ್ಲ, ಒಣಗಿದ ಮೈಗೆ ಚಳಿಜ್ವರ. ಮಳೆಯಾದ ಮೇಲೆ ಸತ್ತವರೂ ಅನೇಕರು.

ಲೆಕ್ಕ ನೋಡಿ. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರಲ್ಲಿ 41,86,188. ಸುಮ್ಮನೆ ಕಳೆದರೇ 8,69,224 ಜನ ಇಲ್ಲ. ಬರಕ್ಕೆ ಮುಂಚಿನ ವರ್ಷಗಳಲ್ಲಿ ಹುಟ್ಟಿ ಬೆಳೆದಿದ್ದವರನ್ನು ಸೇರಿಸಿದರೆ ಹತ್ತು ಲಕ್ಷದ ಹತ್ತಿರ. ಐವರಲ್ಲಿ ಒಬ್ಬರು. ಮಲೆನಾಡು ಬಹುಪಾಲು ಉಳಿದುಕೊಂಡಿತು. ಪೆಟ್ಟು ತಿಂದದ್ದು ಕೋಲಾರ, ತುಮಕೂರು, ಚಿತ್ರದುರ್ಗ, ಬೆಂಗಳೂರು, ಮೈಸೂರಿನ ಬಯಲು. 1891ರ ಗಣತಿಯಲ್ಲೂ ಸಂಖ್ಯೆ ಐವತ್ತು ಲಕ್ಷ ಮುಟ್ಟಲಿಲ್ಲ. ಇಪ್ಪತ್ತು ವರ್ಷ ಕಳೆದರೂ ಸಂಸ್ಥಾನ ತನ್ನ ಹಳೆಯ ತಲೆಲೆಕ್ಕಕ್ಕೆ ವಾಪಸ್ ಬಂದಿರಲಿಲ್ಲ.

ಹಿಂದೆ ಈ ಪೇಜಲ್ಲಿ ಬರಗಳ ಬಗ್ಗೆ ಬರೆದಾಗ 'ಬರ ಯಾವಾಗಲೂ ಇತ್ತು, ಬ್ರಿಟಿಷರನ್ನೇ ಯಾಕೆ ಬೈತೀರಿ' ಅಂತ ಕೆಲವರು ಕೇಳಿದ್ದರು. ಬರ ಇತ್ತು, ಹೌದು. ಹಗೇವು ಇದ್ದದ್ದೇ ಅದಕ್ಕೆ. ನಾನು ಹೇಳ್ತಿರೋದು ಮಳೆಯ ವಿಷಯ ಅಲ್ಲ. ಮೂರು ವರ್ಷದ ಹಿಂದೆ ಬಿಹಾರದಲ್ಲಿ ಜನರನ್ನು ಉಳಿಸೋದು ಹೇಗೆ ಅಂತ ಗೊತ್ತಿದ್ದ ಅದೇ ಸರ್ಕಾರ, ಗೊತ್ತಿದ್ದೂ ಇಲ್ಲಿ ಬೇರೆ ದಾರಿ ಹಿಡಿಯಿತು. ಅದು ಪ್ರಕೃತಿ ಅಲ್ಲ, ಆಯ್ಕೆ.

ಭಾಗ 6

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದರು. ಐವತ್ತು ವರ್ಷದ ಕಮಿಷನ್ ಆಡಳಿತ ಮುಗಿಯಿತು. ನಾವು ಅದನ್ನು ಸಡಗರದ ಘಟನೆಯಾಗಿ ಓದಿದ್ದೇವೆ. ಕೈಗೆ ಬಂದದ್ದೇನು ಅಂತ ನೋಡಿದರೆ, ಖಾಲಿ ಖಜಾನೆ, ಮೇಲೆ ಭಾರತ ಸರ್ಕಾರಕ್ಕೆ ಕೊಡಬೇಕಾದ ಸುಮಾರು 80 ಲಕ್ಷ ರೂಪಾಯಿ ಸಾಲ. ಬ್ರಿಟಿಷರ ಆಡಳಿತದಲ್ಲಿ ಬರ, ಬ್ರಿಟಿಷರ ಅಧಿಕಾರಿಗಳಿಂದ ಪರಿಹಾರ, ಸಾಲ ಮಾತ್ರ ಹದಿನೆಂಟು ವರ್ಷದ ಮಹಾರಾಜರ ಹೆಸರಿಗೆ. ವರ್ಷಕ್ಕೆ ಕೊಡುವ ಪೊಗದಿಯನ್ನೂ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದ್ದರು. ಬರದ ಪೆಟ್ಟು ನೋಡಿ ಆ ಹೆಚ್ಚಳವನ್ನು ಮುಂದೂಡಿದ್ದೊಂದೇ ಪುಣ್ಯ.

ದಿವಾನ್ ರಂಗಾಚಾರ್ಲು ಖರ್ಚು ಎಷ್ಟು ಬಿಗಿ ಹಿಡಿದರು ಅಂದರೆ, ಹಾಸನ, ಚಿತ್ರದುರ್ಗ ಎರಡೂ ಕೆಲವು ವರ್ಷ ಜಿಲ್ಲೆಗಳಾಗಿಯೇ ಉಳಿಯಲಿಲ್ಲ, ಉಪವಿಭಾಗಗಳಾದವು. ಅದೇ 1881ರ ದಸರಾಕ್ಕೆ ಅವರು ಕರೆದ ಪ್ರಜಾಪ್ರತಿನಿಧಿ ಸಭೆಯನ್ನು ನಾವು ಹೆಮ್ಮೆಯಿಂದ ನೆನೀತೀವಿ, ನೆನೀಬೇಕು ಕೂಡ. ಆದರೆ ಅಂದು ಬಂದ 144 ಪ್ರತಿನಿಧಿಗಳು ಎಂಥ ಊರುಗಳಿಂದ ಎದ್ದು ಬಂದಿದ್ದರು ಅಂತ ಒಮ್ಮೆ ಯೋಚಿಸಿ. ಬರ ಮುಗಿದು ಮೂರೇ ವರ್ಷ.

ಆ ದೊಡ್ಡ ಕಾಮಗಾರಿಗಳಲ್ಲಿ ಒಂದು ನಿಮಗೆ ಚೆನ್ನಾಗಿ ಗೊತ್ತು. ಬೆಂಗಳೂರು-ಮೈಸೂರು ರೈಲು ದಾರಿ. ಮಣ್ಣಿನ ಕೆಲಸ ಶುರುವಾದದ್ದು ಬರ ಪರಿಹಾರವಾಗಿ. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಧಾನ್ಯ ತರೋಕೆ ಬೇಕಾಗಿದ್ದ ಹಳಿ, ಧಾನ್ಯಕ್ಕಾಗಿ ಮಣ್ಣು ಹೊತ್ತವರ ಕೈಯಿಂದ ಆಯಿತು, ಐದು ವರ್ಷ ತಡವಾಗಿ. ಅವರ ಹೆಸರಿನ ಒಂದು ಫಲಕವೂ ಆ ದಾರಿಯ ಯಾವ ಸ್ಟೇಷನ್‌ನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊನೆಯ ಸ್ಲೈಡ್ ನಾನೇ ತೆಗೆದದ್ದು, ಕಳೆದ ಭಾನುವಾರ, ಮೈಸೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದ. ನೋಡೋಕೆ ಏನೂ ಇಲ್ಲ. ಒಂದು ಏರಿ, ಪಕ್ಕದಲ್ಲಿ ಕಬ್ಬಿನ ಗದ್ದೆ, ಅಷ್ಟೇ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿದೆ, ಜೋಡಿ ಹಳಿಯಾಗಿದೆ. ದಾರಿ ಮಾತ್ರ ಹೆಚ್ಚೂಕಡಿಮೆ ಅದೇ. ಈ ಸಲ ಕ್ಯಾಪ್ಶನ್ ಸರಿಯಾಗಿದೆ: ಮದ್ದೂರು ಮತ್ತು ಮಂಡ್ಯದ ನಡುವೆ, ಬೆಳಿಗ್ಗೆ ಒಂಬತ್ತೂವರೆ.

ಮದ್ದೂರಿನಲ್ಲಿ ವಡೆ ಮಾರುವ ಹುಡುಗ ಹತ್ತಿದ್ದ. ಎದುರಿನ ಸೀಟಿನ ಮಗು ಎರಡೂ ಕೈಯಲ್ಲಿ ವಡೆ ಹಿಡಿದು ಗಬಗಬ ತಿನ್ನುತ್ತಿತ್ತು. ಅದರಜ್ಜಿ ಏನೋ ಗದರಿದರು, ರೈಲಿನ ಸದ್ದಿನಲ್ಲಿ ಕೇಳಿಸಲಿಲ್ಲ. ನಾನೂ ಒಂದು ತಗೊಂಡೆ.